ಸಪೋರ್ಟ್ ನಿಲ್ಲುತ್ತದೆ ಅಂತ ಮೇಲ್ ಬಂದ ಮೇಲೆ ಮಾಡಬೇಕಾದ ಕೆಲಸ

ಕಂಪನಿಯ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಟಿಕೆಟ್ (ಬಂದ ದೂರು, ಕೆಲಸಗಳನ್ನು ದಾಖಲಿಸುವ ಸಾಫ್ಟ್‌ವೇರ್), ವಿಕಿ, ಮೇಲ್ ಎಲ್ಲ ನಮ್ಮದೇ ಮೆಷಿನ್‌ಗಳಲ್ಲಿ ಓಡುತ್ತವೆ. ಯಾವುದೋ ಒಂದಕ್ಕೆ 'ಇಂಥ ದಿನದಿಂದ ಸಪೋರ್ಟ್ ಇಲ್ಲ', ಅಂದರೆ ಆಮೇಲೆ ದೋಷ ಸಿಕ್ಕರೂ ತಿದ್ದಿ ಕೊಡುವುದಿಲ್ಲ, ಅಂತ ಮೇಲ್ ಬರುತ್ತಲೇ ಇರುತ್ತದೆ. ಮ್ಯಾನೇಜರ್ ತಕ್ಷಣ ಕೇಳುವುದು, "ಹಾಗಾದ್ರೆ ಮುಂದೆ ಯಾವುದಕ್ಕೆ ಹೋಗೋಣ?" ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಈಗಿರುವ ಸಾಫ್ಟ್‌ವೇರ್‌ಗೆ ಏನೇನು ಅಂಟಿಕೊಂಡಿದೆ ಅಂತ ಗೊತ್ತಿಲ್ಲದೆ ಹೊಸದನ್ನು ಆರಿಸುವುದು ಹೇಗೆ?

ಮೊದಲು ತಾರೀಖುಗಳನ್ನು ಒಂದೇ ಶೀಟಿನಲ್ಲಿ ಬರೆಯಿರಿ. ಸಾಫ್ಟ್‌ವೇರ್‌ನದ್ದು, ಅದರ ಪ್ಲಗಿನ್‌ಗಳದ್ದು (ಮೇಲೆ ಸೇರಿಸಿಕೊಂಡ ಸಣ್ಣ ಸಾಫ್ಟ್‌ವೇರ್‌ಗಳು), ಕೆಳಗಿರುವ ಡೇಟಾಬೇಸ್‌ನದ್ದು, ಆಪರೇಟಿಂಗ್ ಸಿಸ್ಟಂನದ್ದು, ಲೈಸೆನ್ಸ್ ರಿನ್ಯೂವಲ್‌ದು. ಇದರಲ್ಲಿ ಯಾವುದು ಮೊದಲು ಬರುತ್ತದೋ ಅದೇ ನಿಮ್ಮ ನಿಜವಾದ ತಾರೀಖು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಪ್ರತಿ ಮೇಜರ್ ವರ್ಷನ್‌ಗೆ ಸಪೋರ್ಟ್ ಸಿಗುವುದು 5 ವರ್ಷ ಮಾತ್ರ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ 2016ಕ್ಕೆ 2026ರ ಜುಲೈ 14 ಕೊನೆ ದಿನ. ತಾರೀಖು ಹಿಂದಕ್ಕೆ ಬರುವುದೂ ಉಂಟು. ಸೆಂಟ್‌ಒಎಸ್ 8 ಅನ್ನುವ ಆಪರೇಟಿಂಗ್ ಸಿಸ್ಟಂ 2029ರ ತನಕ ಇರುತ್ತದೆ ಅಂತ ನಂಬಿದ್ದವರಿಗೆ ಅದು 2021ರ ಡಿಸೆಂಬರ್ 31ಕ್ಕೇ ಮುಗಿಯಿತು. ಟಿಕೆಟ್, ವಿಕಿ ಸಾಫ್ಟ್‌ವೇರ್ ಮಾಡುವ ಅಟ್ಲಾಸಿಯನ್ ಕಂಪನಿ, ನಮ್ಮದೇ ಮೆಷಿನ್‌ನಲ್ಲಿ ಹಾಕಿಕೊಳ್ಳುವ ತನ್ನ 'ಸರ್ವರ್' ಸರಣಿಯನ್ನು ನಿಲ್ಲಿಸುವುದಾಗಿ 2020ರ ಅಕ್ಟೋಬರ್‌ನಲ್ಲಿ ಹೇಳಿತು, ಸಪೋರ್ಟ್ ನಿಂತದ್ದು 2024ರ ಫೆಬ್ರವರಿ 15ಕ್ಕೆ. ಮೂರು ವರ್ಷ ದಾಟಿದ ಗಡುವು, ಬೇಕಾದಷ್ಟಾಯಿತು ಅಲ್ವಾ? ಆದರೆ ಹೊಸ ಲೈಸೆನ್ಸ್ ಮಾರಾಟ 2021ರ ಫೆಬ್ರವರಿಯಲ್ಲೇ ನಿಂತಿತ್ತು. ಹಾಗಾಗಿ ಮೇಲ್‌ನಲ್ಲಿ ದಪ್ಪ ಅಕ್ಷರದಲ್ಲಿರುವ ತಾರೀಖಿಗಿಂತ ಅದರ ಕೆಳಗಿನ ಸಣ್ಣ ಅಕ್ಷರಗಳನ್ನು ಜಾಸ್ತಿ ಓದಿ.

ಆಮೇಲೆ, ಏನೇನು ಅಂಟಿಕೊಂಡಿದೆ ಅಂತ ಹುಡುಕುವುದು. ಜಾಸ್ತಿ ಸಮಯ ಇಲ್ಲಿಗೇ ಕೊಡಿ. ಎಲ್ಲ ವಿಭಾಗದವರಿಗೂ "ನೀವು ಇದನ್ನು ಹೇಗೆ ಬಳಸುತ್ತೀರಿ?" ಅಂತ ಫಾರ್ಮ್ ಕಳಿಸುವವರಿದ್ದಾರೆ. ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ನಾನು ಲಾಗ್, ಅಂದರೆ ಸಾಫ್ಟ್‌ವೇರ್ ತಾನೇ ಬರೆದಿಡುವ ದಾಖಲೆ, ನಂಬುತ್ತೇನೆ. ಪೋಸ್ಟ್‌ಗ್ರೆಸ್ ಆದರೆ ಲಾಗ್_ಕನೆಕ್ಷನ್ಸ್ ಅನ್ನುವ ಸೆಟ್ಟಿಂಗ್ ಅನ್ನು ಆನ್ ಮಾಡಿ. ರೀಸ್ಟಾರ್ಟ್ ಬೇಕಿಲ್ಲ, ರೀಲೋಡ್ ಸಾಕು. ಅಲ್ಲಿಂದಾಚೆ ಯಾವ ಯೂಸರ್, ಯಾವ ಮೆಷಿನ್‌ನಿಂದ, ಯಾವ ಡೇಟಾಬೇಸ್‌ಗೆ ಬಂದ ಅಂತ ಸಾಲು ಸಾಲಾಗಿ ಬೀಳುತ್ತದೆ. ಕನಿಷ್ಠ ಒಂದು ತಿಂಗಳ ಕೊನೆ ದಾಟುವ ತನಕ ಬಿಡಿ.

ನಮ್ಮಲ್ಲಿ ಟಿಕೆಟ್ ಡೇಟಾಬೇಸ್‌ನ ಲಾಗ್‌ನಲ್ಲಿ ತಿಂಗಳ ಕೊನೆಗೆ ಮಾತ್ರ ಕಾಣುವ ಒಂದು ಐಪಿ (ಮೆಷಿನ್‌ನ ನೆಟ್‌ವರ್ಕ್ ವಿಳಾಸ) ಸಿಕ್ಕಿತು. ಹುಡುಕಿಕೊಂಡು ಹೋದರೆ ಅಕೌಂಟ್ಸ್ ವಿಭಾಗದ ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್. ಅದರಲ್ಲೊಂದು ಎಕ್ಸೆಲ್ ಶೀಟ್. 'ರಿಫ್ರೆಶ್' ಒತ್ತಿದರೆ ಒಡಿಬಿಸಿ (ಬೇರೆ ಸಾಫ್ಟ್‌ವೇರ್‌ಗಳನ್ನು ಡೇಟಾಬೇಸ್‌ಗೆ ಜೋಡಿಸುವ ವ್ಯವಸ್ಥೆ) ಮೂಲಕ ನೇರವಾಗಿ ಟಿಕೆಟ್ ಟೇಬಲ್‌ಗೆ ಹೋಗಿ, ಯಾವ ಗ್ರಾಹಕರಿಗೆ ಎಷ್ಟು ಗಂಟೆ ಕೆಲಸ ಆಯಿತು ಅಂತ ತರುತ್ತಿತ್ತು. ಬಿಲ್ ಹೋಗುತ್ತಿದ್ದದ್ದು ಅದರ ಮೇಲೇ. ಆ ಶೀಟ್ ಮಾಡಿದವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಫಾರ್ಮ್‌ನಲ್ಲಿ ಅಕೌಂಟ್ಸ್‌ನವರು "ನಾವು ಟಿಕೆಟ್ ಸಾಫ್ಟ್‌ವೇರ್ ಬಳಸುವುದಿಲ್ಲ" ಅಂತ ಬರೆದಿದ್ದರು. ಸುಳ್ಳೇನಲ್ಲ, ಅವರು ಬಳಸುತ್ತಿದ್ದದ್ದು ಎಕ್ಸೆಲ್! ನಾವು ನೋಡುತ್ತಿದ್ದ ಕ್ಲೌಡ್ ಸೇವೆಯಲ್ಲಿ ಡೇಟಾಬೇಸ್‌ಗೆ ನೇರ ದಾರಿಯೇ ಇರಲಿಲ್ಲ. ಲಾಗ್ ನೋಡದೆ ಹೋಗಿದ್ದರೆ ಮೊದಲ ತಿಂಗಳೇ ಬಿಲ್ ನಿಲ್ಲುತ್ತಿತ್ತು.

ಪ್ಲಗಿನ್‌ಗಳ ಪಟ್ಟಿ, ಎಪಿಐ ಟೋಕನ್‌ಗಳು (ಬೇರೆ ಸಾಫ್ಟ್‌ವೇರ್‌ಗಳು ಒಳಬರಲು ಬಳಸುವ ಕೀಲಿಗಳು), ಕ್ರಾನ್ ಜಾಬ್‌ಗಳು (ಗೊತ್ತಾದ ಹೊತ್ತಿಗೆ ತಾವೇ ಓಡುವ ಕೆಲಸಗಳು), ಲಾಗಿನ್‌ಗೆ ಎಲ್‌ಡಿಎಪಿ (ಕಂಪನಿಯ ಎಲ್ಲರ ಅಕೌಂಟ್‌ಗಳ ಪಟ್ಟಿ ಒಂದೇ ಕಡೆ ಇಡುವ ವ್ಯವಸ್ಥೆ) ಇದ್ದರೆ ಅದು, ಇವನ್ನೂ ಅದೇ ಶೀಟಿಗೆ ಸೇರಿಸಿ. ಪ್ರತಿಯೊಂದರ ಮುಂದೆ ಒಬ್ಬರ ಹೆಸರು ಇರಲಿ. ಹೆಸರು ಸಿಗದಿದ್ದರೆ ಅದನ್ನು ಕೆಲಸದ ಹೊತ್ತಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ. ಫೋನ್ ಮಾಡಿದವರೇ ಮಾಲೀಕರು.

ಬ್ಯಾಕಪ್ ವಿಷಯದಲ್ಲಿ ಒಂದು ಮಾತು. ಡೇಟಾಬೇಸ್ ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ಒಂದೇ ಸಾಲದು. ವಿಕಿ, ಟಿಕೆಟ್ ಸಾಫ್ಟ್‌ವೇರ್‌ಗಳಲ್ಲಿ ಜನ ಹಾಕಿದ ಫೈಲ್‌ಗಳು ಸಾಮಾನ್ಯವಾಗಿ ಬೇರೆ ಫೋಲ್ಡರ್‌ನಲ್ಲಿರುತ್ತವೆ. ಕಾನ್ಫಿಗರೇಶನ್, ಎನ್‌ಕ್ರಿಪ್ಷನ್ ಕೀ ಇನ್ನೆಲ್ಲೋ ಇರುತ್ತವೆ. ಎಲ್ಲವನ್ನೂ ಖಾಲಿ ಮೆಷಿನ್ ಮೇಲೆ ರೀಸ್ಟೋರ್ ಮಾಡಿ, ಹಳೆಯದೊಂದು ಫೈಲ್ ತೆರೆದು ನೋಡಿ. ಇನ್‌ಸ್ಟಾಲರ್, ಲೈಸೆನ್ಸ್ ಫೈಲ್, ಪ್ಲಗಿನ್ ಫೈಲ್‌ಗಳನ್ನು ಈಗಲೇ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಡೌನ್‌ಲೋಡ್ ಪುಟ ನಾಳೆಯೂ ಇರುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ. ಮಧ್ಯದ ವರ್ಷನ್‌ಗಳೂ ಬೇಕಾಗಬಹುದು. ಫೈಲ್ ಹಂಚಿಕೊಳ್ಳುವ ಸಾಫ್ಟ್‌ವೇರ್ ನೆಕ್ಸ್ಟ್‌ಕ್ಲೌಡ್ ಒಂದು ಮೇಜರ್ ವರ್ಷನ್ ಬಿಟ್ಟು ಮುಂದಕ್ಕೆ ಹಾರಲು ಬಿಡುವುದೇ ಇಲ್ಲ, ಒಂದೊಂದೇ ಮೆಟ್ಟಿಲು ಹತ್ತಬೇಕು.

ಇಷ್ಟಾದ ಮೇಲೆ ಆಯ್ಕೆ. ಹೊಸ ವರ್ಷನ್, ಕ್ಲೌಡ್, ಬೇರೆ ಸಾಫ್ಟ್‌ವೇರ್, ಯಾವುದೇ ಆಗಲಿ, ಅದರ ಕೊನೆ ದಿನವನ್ನೂ ಮೊದಲೇ ನೋಡಿ. ಮೈಕ್ರೋಸಾಫ್ಟ್‌ನ ಮೇಲ್ ಸರ್ವರ್ ಎಕ್ಸ್‌ಚೇಂಜ್ 2016 ಮತ್ತು 2019 ಎರಡಕ್ಕೂ ಸಪೋರ್ಟ್ ಮುಗಿದದ್ದು ಒಂದೇ ದಿನ, 2025ರ ಅಕ್ಟೋಬರ್ 14. 2016 ಬಿಟ್ಟು 2019ಕ್ಕೆ ಹೋದವರಿಗೆ ಒಂದು ದಿನವೂ ಜಾಸ್ತಿ ಸಿಗಲಿಲ್ಲ.

"ಓಡ್ತಾ ಇದೆಯಲ್ಲ, ಹಾಗೇ ಬಿಡೋಣ" ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಅಟ್ಲಾಸಿಯನ್‌ನ ವಿಕಿ ಸಾಫ್ಟ್‌ವೇರ್ ಕಾನ್‌ಫ್ಲುಯೆನ್ಸ್‌ನ ಕಥೆ ಹೇಳಿ. 2023ರ ಅಕ್ಟೋಬರ್‌ನಲ್ಲಿ ಹೊರಬಿದ್ದ ದೋಷದಿಂದ ಹೊರಗಿನವರು ತಾವೇ ಅಡ್ಮಿನ್ ಅಕೌಂಟ್ ಮಾಡಿಕೊಳ್ಳಬಹುದಿತ್ತು. 2024ರ ಜನವರಿಯಲ್ಲಿ ಇನ್ನೊಂದು ಬಂತು, ತೀವ್ರತೆ 10ಕ್ಕೆ 10. ಸರ್ವರ್ ಸಪೋರ್ಟ್ ನಿಲ್ಲಲು ಆಗ ಉಳಿದಿದ್ದದ್ದು ಒಂದೇ ತಿಂಗಳು. ಹೊಸ ವರ್ಷನ್‌ಗೆ ಬಂದ ಪ್ಯಾಚ್ (ದೋಷ ಸರಿಮಾಡುವ ತಿದ್ದುಪಡಿ) ನೋಡಿ ಹಳೆಯದರಲ್ಲಿ ಎಲ್ಲಿ ತೂತಿದೆ ಅಂತ ಕಂಡುಹಿಡಿಯುವುದು ದಾಳಿ ಮಾಡುವವರಿಗೆ ಕಷ್ಟವೇನಲ್ಲ. ಉಳಿಸಿಕೊಳ್ಳಲೇಬೇಕಾದರೆ ಇಂಟರ್ನೆಟ್‌ನಿಂದ ಪೂರ್ತಿ ತೆಗೆಯಿರಿ, ವಿಪಿಎನ್ (ಕಂಪನಿಯವರಿಗೆ ಮಾತ್ರ ತೆರೆಯುವ ಖಾಸಗಿ ನೆಟ್‌ವರ್ಕ್) ಒಳಗಿಡಿ, ರೀಡ್ ಓನ್ಲಿ (ಓದಲು ಮಾತ್ರ) ಮಾಡಿ. ಆ ಅಪಾಯ ಒಪ್ಪಿಕೊಂಡವರ ಸಹಿಯೂ ಇರಲಿ.

ಬದಲಾಯಿಸುವ ವಾರಾಂತ್ಯವನ್ನು ಕೊನೆ ದಿನದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಿ, ಲೆಕ್ಕ ಮುಗಿಸುವ ತಿಂಗಳನ್ನು ಬಿಟ್ಟು. ಅದಕ್ಕೂ ಮೊದಲು ಪೂರ್ತಿ ಡೇಟಾ ಹಾಕಿ ಒಂದು ರಿಹರ್ಸಲ್ ಮಾಡಿ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಗೊತ್ತಾಗುವುದು ಅದರಿಂದಲೇ. ಹಳೆಯ ಲಿಂಕ್‌ಗಳು ಮೇಲ್, ಪಿಡಿಎಫ್‌ಗಳಲ್ಲಿ ಹರಡಿರುತ್ತವೆ, ಅವನ್ನು ಹೊಸ ಪುಟಗಳಿಗೆ ರೀಡೈರೆಕ್ಟ್ ಮಾಡಿ. ಹಳೆಯ ಸರ್ವರ್ ಅನ್ನು ತಕ್ಷಣ ಅಳಿಸಬೇಡಿ. ನೆಟ್‌ವರ್ಕ್ ಕಿತ್ತು, ಒಂದು ತ್ರೈಮಾಸಿಕ ದಾಟುವ ತನಕ ಹಾಗೇ ಇಡಿ. ಯಾರೂ ಕೇಳದಿದ್ದರೆ ಕೊನೆಯ ಬ್ಯಾಕಪ್ ಎತ್ತಿಟ್ಟು, ಅದಕ್ಕೆಂದು ಮಾಡಿದ್ದ ಸರ್ವೀಸ್ ಅಕೌಂಟ್‌ಗಳು, ಟೋಕನ್‌ಗಳು, ಫೈರ್‌ವಾಲ್ ರೂಲ್‌ಗಳನ್ನೂ ಸೇರಿಸಿ ಅಳಿಸಿ.