ಕಸ್ಟಮ್ ಸ್ನೂಕರ್ ಕ್ಯೂ ಮಾಡಿಸುವ ಮುಂಚೆ

ಕೈಯಲ್ಲಿ ಮಾಡಿದ ಕ್ಯೂ (ಸ್ನೂಕರ್ ಚೆಂಡು ಹೊಡೆಯುವ ಕೋಲು) ಆರ್ಡರ್ ಮಾಡುವವರು ಮೊದಲು ಈಗ ಆಡುತ್ತಿರುವ ಕ್ಯೂನ ಉದ್ದ, ತೂಕ, ಟಿಪ್‌ನ (ಚೆಂಡಿಗೆ ತಾಗುವ ತುದಿಯ) ಅಳತೆ ಬರೆದಿಟ್ಟುಕೊಳ್ಳಿ. ಹೆಚ್ಚಿನವರದು 57-58 ಇಂಚು, 17ರಿಂದ 19 ಔನ್ಸ್, ಟಿಪ್ 9.5 ಮಿ.ಮೀ. ಆಸುಪಾಸು. ಮುಂದೆ ಮಾರುವ ಯೋಚನೆ ಇದ್ದರೆ ಇದರಿಂದ ತೀರಾ ದೂರ ಹೋಗಬೇಡಿ. 60 ಇಂಚಿನ ಕ್ಯೂಗೆ ಗಿರಾಕಿ ಸಿಗುವುದು ಕಷ್ಟ ಅಲ್ವಾ?

ಶಾಫ್ಟ್‌ಗೆ (ಕ್ಯೂನ ಉದ್ದನೆಯ ಮುಂಭಾಗಕ್ಕೆ) ಆಶ್ ಇಲ್ಲವೇ ಮೇಪಲ್ ಮರ. ಆಶ್‌ನಲ್ಲಿ ಬಾಣದ ತುದಿಯಂಥ ಗೆರೆಗಳು ಎದ್ದು ಕಾಣುತ್ತವೆ, ನನಗೆ ಅದೇ ಇಷ್ಟ. ಹಿಡಿಗೆ ರೋಸ್‌ವುಡ್ ಕೇಳುವುದಾದರೆ ಗಮನವಿರಲಿ: ಆ ಮರ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. ಹೊರದೇಶದಿಂದ ತರಿಸುವಾಗ ಕಾಗದಪತ್ರ ಬೇಕಾಗಬಹುದು, ತಯಾರಕರನ್ನು ಮೊದಲೇ ಕೇಳಿ.

ಹಿಡಿಯ ಮೇಲೆ ನಿಮ್ಮ ಹೆಸರು ಕೆತ್ತಿಸಲೇಬೇಡಿ. ಬೇರೆಯವರ ಹೆಸರಿನ ಕ್ಯೂಗೆ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ. ತಯಾರಕರ ಬಿಲ್, ಮೆಸೇಜ್, ಫೋಟೊ ಎಲ್ಲ ಜೋಪಾನ ಮಾಡಿ.

ಮಾರುವಾಗ ಕ್ಯೂ ಜೋಡಿಸಿ ಟೇಬಲ್ ಮೇಲೆ ಉರುಳಿಸುವ ವಿಡಿಯೊ ಹಾಕಿ, ನೇರವಾಗಿದೆಯಾ ಅಂತ ಗೊತ್ತಾಗುತ್ತದೆ. ಗೀರು, ಡೆಂಟ್, ಫೆರೂಲ್ (ಟಿಪ್ ಕೆಳಗಿನ ಬಳೆ) ಬದಲಿಸಿದ್ದು, ಏನಿದ್ದರೂ ಮುಚ್ಚಿಡದೆ ಹೇಳಿ. ಕಳಿಸುವಾಗ ಗಟ್ಟಿ ಕೇಸ್‌ನಲ್ಲೇ ಕಳಿಸಿ.