ಕಾಲ ಕೆಳಗಿನ ಮೊಹೊ, ಹದಿನೆಂಟು ಡಿಗ್ರಿ ತಪ್ಪಿದ ಉತ್ತರ

ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ, ಶಾಲೆಯ ಹಿಂದೆ ಎದೆಮಟ್ಟದ ಗುಂಡಿ ತೋಡಿಸಿ, ತಳಕ್ಕೆ ಸಿಮೆಂಟ್ ಹಾಕಿ, ಅದರ ಮೇಲೆ ಭೂಕಂಪಮಾಪಕ ಇಟ್ಟೆವು. ನೋಡಲು ಒಂದು ಸಣ್ಣ ಹಾಲಿನ ಕ್ಯಾನಿನಷ್ಟಿರುತ್ತದೆ. ಮೂರು ಕಾಲಿನ ತಿರುಪು ತಿರುಗಿಸಿ ಮಟ್ಟದ ಗುಳ್ಳೆಯನ್ನು ನಡುವಿಗೆ ತಂದೆ, ದಿಕ್ಸೂಚಿ ಹಿಡಿದು ಉತ್ತರಕ್ಕೆ ಹೊಂದಿಸಿದೆ, ಗಾಳಿ ತಾಕದಂತೆ ಸುತ್ತಲೂ ಥರ್ಮೋಕೋಲ್ ಮುಚ್ಚಿದೆ. ಗುಂಡಿ ತೋಡಿದ ಹಿರಿಯರು ಬಗ್ಗಿ ನೋಡಿ ಕೇಳಿದರು: "ಬೋರ್ ಪಾಯಿಂಟ್ ನೋಡೋ ಮಿಷನ್ನಾ ಸಾರ್? ಎಷ್ಟು ಅಡಿಗೆ ನೀರು ಅಂತೈತೆ?"

"ನೀರಲ್ಲ ಯಜಮಾನ್ರೇ. ಬಹಳ ಕೆಳಗೆ ಕಲ್ಲಿನ ಜಾತಿಯೇ ಬದಲಾಗೋ ಜಾಗ ಇದೆ. ಅದು ಎಷ್ಟು ಕಿಲೋಮೀಟರ್ ಆಳ ಅಂತ ನೋಡ್ತೀವಿ" ಎಂದೆ.

ಆ ಜಾಗವೇ ಮೊಹೊ, ಭೂಮಿಯ ಹೊರಚಿಪ್ಪಾದ ಭೂಕವಚ ಮುಗಿದು ಅದರಡಿಯ ದಪ್ಪ ಕಲ್ಲಿನ ಪದರವಾದ ಮ್ಯಾಂಟಲ್ ಶುರುವಾಗುವ ಗಡಿ. 1909ರಲ್ಲಿ ಜಾಗ್ರೆಬ್ ಬಳಿಯ ಭೂಕಂಪದ ದಾಖಲೆಗಳಲ್ಲಿ ಕ್ರೊಯೇಷಿಯಾದ ವಿಜ್ಞಾನಿ ಆಂಡ್ರಿಯಾ ಮೊಹೊರೊವಿಚಿಚ್ ಇದನ್ನು ಗುರುತಿಸಿದರು.

ಇದನ್ನು ಅಳೆಯಲು ನಮ್ಮೂರಲ್ಲಿ ಭೂಕಂಪ ಆಗಬೇಕಿಲ್ಲ. ಜಪಾನಿನಲ್ಲಿ ನೆಲ ನಡುಗಿದರೆ ಸುಮಾರು ಹತ್ತು ನಿಮಿಷಕ್ಕೆ ಎಲ್ಲಕ್ಕಿಂತ ಮೊದಲು ಮುಟ್ಟುವ ಅದರ ಪಿ ಅಲೆ ಆಳದಿಂದ ಮೇಲೇರಿ ನಮ್ಮ ಗುಂಡಿಗೆ ಬರುತ್ತದೆ. ಮೊಹೊ ದಾಟುವಾಗ ಅದರ ಒಂದು ಪಾಲು ನಿಧಾನವಾಗಿ ಸಾಗುವ ಎಸ್ ಅಲೆಯಾಗುತ್ತದೆ. ಕವಚದಲ್ಲಿ ಪಿ ಸೆಕೆಂಡಿಗೆ ಸುಮಾರು 6.4 ಕಿ.ಮೀ. ಓಡಿದರೆ ಎಸ್ 3.7 ಕಿ.ಮೀ. ಅಷ್ಟೇ. ಕವಚ ದಪ್ಪವಾದಷ್ಟೂ ಎಸ್ ತಡವಾಗಿ ಮುಟ್ಟುತ್ತದೆ. ಆ ತಡ 4.1 ಸೆಕೆಂಡಾದರೆ ದಪ್ಪ ಸುಮಾರು 35 ಕಿ.ಮೀ., 5.3 ಆದರೆ ಸುಮಾರು 45. ಆದರೆ ಉಪಕರಣ ನೆಲದ ಅಲುಗಾಟವನ್ನು ಉತ್ತರ ಮತ್ತು ಪೂರ್ವ ದಿಕ್ಕಿನ ಬೇರೆ ಬೇರೆ ಗೆರೆಗಳಾಗಿ ಬರೆಯುತ್ತದೆ. ಅವನ್ನು ಲೆಕ್ಕದಲ್ಲಿ ತಿರುಗಿಸಿ, ಒಂದು ಗೆರೆ ಪಿ ಬಂದ ದಿಕ್ಕಿಗೂ ಇನ್ನೊಂದು ಅದಕ್ಕೆ ಅಡ್ಡಲಾಗಿಯೂ ಇರುವಂತೆ ಮಾಡಿಕೊಂಡರೆ ಮಾತ್ರ ಈ ಸಣ್ಣ ಎಸ್ ಎದ್ದು ಕಾಣುತ್ತದೆ.

ನಾನು ಎಡವಿದ್ದು ಅಲ್ಲಿಯೇ. ಮೂರು ತಿಂಗಳ ದಾಖಲೆ ತಂದು ಲೆಕ್ಕಕ್ಕೆ ಕೂತರೆ, ಅಡ್ಡ ದಿಕ್ಕಿನ ಗೆರೆಯಲ್ಲಿ ಪಿ ಅಲೆ ದೊಡ್ಡದಾಗಿ ಎದ್ದು ನಿಂತಿತ್ತು. ಅಲ್ಲಿ ಅದು ಇರಕೂಡದು. ಪಿ ಅಲೆ ತಾನು ಸಾಗುವ ದಿಕ್ಕಿಗೇ ನೆಲವನ್ನು ತಳ್ಳಿ ಎಳೆಯುತ್ತದೆ. ಕೆಳಗಿನ ಪದರ ಓರೆಯಾಗಿದೆಯೇನೋ ಎಂದು ಎರಡು ವಾರ ಅದರ ಹಿಂದೆಯೇ ಬಿದ್ದಿದ್ದೆ. ಕೊನೆಗೆ ಒಂದೊಂದೇ ಭೂಕಂಪ ತೆಗೆದುಕೊಂಡು ಪಿ ಅಲೆಯ ಮೊದಲ ಎರಡು ಸೆಕೆಂಡಿನಲ್ಲಿ ನೆಲ ಯಾವ ಕಡೆ ಅಲುಗಿತು ಎಂದು ಕಾಗದದ ಮೇಲೆ ಗೆರೆ ಎಳೆದೆ. ಈಶಾನ್ಯದ ಜಪಾನಿನ ಅಲೆ 18 ಡಿಗ್ರಿ ಸರಿದಿತ್ತು. ಆಗ್ನೇಯದ ಇಂಡೋನೇಷ್ಯಾದ್ದೂ ಅದೇ ಕಡೆಗೆ, ಅಷ್ಟೇ. ಪದರ ಓರೆಯಾಗಿದ್ದರೆ ದಿಕ್ಕು ಬದಲಾದಂತೆ ಈ ಅಂಕಿಯೂ ಬದಲಾಗಬೇಕಿತ್ತು. ಹಾಗಾದರೆ ತಿರುಗಿರುವುದು ನನ್ನ ಉಪಕರಣವೇ.

ಮತ್ತೆ ಹಳ್ಳಿಗೆ ಹೋಗಿ ದಿಕ್ಸೂಚಿ ಹಿಡಿದು ಗುಂಡಿಯ ಸುತ್ತ ನಡೆದೆ. ಹತ್ತು ಹೆಜ್ಜೆಗೊಮ್ಮೆ ಮುಳ್ಳು ಬೇರೆ ಬೇರೆ ಕಡೆ ತೋರಿಸುತ್ತಿತ್ತು. ಅದು ಚಿತ್ರದುರ್ಗದ ಕಬ್ಬಿಣದ ಅದಿರಿನ ನೆಲ, ಮ್ಯಾಗ್ನೆಟೈಟ್ ತುಂಬಿದ ಪಟ್ಟೆಕಲ್ಲು. ಮೊದಲ ದಿನವೇ ನನಗಿದು ಹೊಳೆಯಬೇಕಿತ್ತು.

ಲೆಕ್ಕದಲ್ಲಿ 18 ಡಿಗ್ರಿ ತಿರುಗಿಸಿದ ಮೇಲೆ ಅಡ್ಡ ಗೆರೆ ಹೆಚ್ಚುಕಡಿಮೆ ಮಲಗಿತು. ಪಿ ಬಂದ ದಿಕ್ಕಿನ ಗೆರೆಯಲ್ಲಿ, ಪಿ ಬಂದು 5.2 ಸೆಕೆಂಡಿಗೆ, ಸಣ್ಣದೊಂದು ಉಬ್ಬು. ಅದೇ ಆ ಎಸ್. ಬೇರೆ ಬೇರೆ ಭೂಕಂಪಗಳ ಗೆರೆಗಳನ್ನು ಒಂದರ ಮೇಲೊಂದು ಕೂಡಿಸಿದಷ್ಟೂ ಸುತ್ತಲ ಗದ್ದಲ ಅಡಗಿ ಅದು ಮಾತ್ರ ಗಟ್ಟಿಯಾಗುತ್ತಾ ಬಂತು. ಅಂದರೆ ಕವಚದ ದಪ್ಪ ಸುಮಾರು 44 ಕಿ.ಮೀ. ಧಾರವಾಡ ಶಿಲಾವಲಯ ಎಂಬ ಪುರಾತನ ಕಲ್ಲಿನ ನೆಲದ ಪೂರ್ವ ಭಾಗದಲ್ಲಿ, ಕೋಲಾರದ ಕಡೆ, ಕವಚ 34ರಿಂದ 39 ಕಿ.ಮೀ. ಎಂದೂ ಪಶ್ಚಿಮದಲ್ಲಿ ಅದಕ್ಕಿಂತ ದಪ್ಪವೆಂದೂ ಮೊದಲೇ ಪ್ರಕಟವಾಗಿತ್ತು. ಪಶ್ಚಿಮ ಭಾಗದಲ್ಲಿರುವ ನಮ್ಮ ಗುಂಡಿಯ ಅಂಕಿ ಅದಕ್ಕೆ ಹೊಂದಿತು.

ಅದೇ ದಾಖಲೆಯಲ್ಲಿ ಚಿಲಿಯ ಒಂದು ಭೂಕಂಪವೂ ಇತ್ತು, ಭೂಮಿಯ ಪೂರ್ತಿ ಸುತ್ತು 360 ಡಿಗ್ರಿ ಎಂದುಕೊಂಡರೆ ಸುಮಾರು 145 ಡಿಗ್ರಿ ದೂರದ್ದು. ಪಿ ಸುಮಾರು 20 ನಿಮಿಷಕ್ಕೆ ಬಂತು, ಅಷ್ಟು ದೂರಕ್ಕೆ ಬಲು ಜೋರಾಗಿ. ಮ್ಯಾಂಟಲ್‌ನ ಕೆಳಗಿರುವ, ದ್ರವವಾದ ಹೊರ ಕೇಂದ್ರಗೋಳ ಅಲೆಗಳನ್ನು ಬಗ್ಗಿಸಿ ಅಷ್ಟು ದೂರದಲ್ಲಿ ಒಟ್ಟುಗೂಡಿಸುವುದರಿಂದ ಹಾಗೆ. ನೇರ ಎಸ್ ಅಲೆಯ ಸುಳಿವೇ ಇಲ್ಲ, ದ್ರವದೊಳಗೆ ಅದು ಸಾಗದು. 2,900 ಕಿ.ಮೀ. ಆಳದ ಕರಗಿದ ಕಬ್ಬಿಣ ನನ್ನ ಪರದೆಯ ಮೇಲೆ ಒಂದು ಖಾಲಿ ಗೆರೆಯಾಗಿ ಕಂಡಿತು. ಆ ರಾತ್ರಿ ಅದನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ಅಂಥ ನೆಲದಲ್ಲಿ ನಾನೀಗ ದಿಕ್ಸೂಚಿಯನ್ನು ನಂಬುವುದಿಲ್ಲ. ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಟ್ಟು, ಸೂರ್ಯ ನೆತ್ತಿಗೆ ಬರುವ ಹೊತ್ತಿನ ನೆರಳಿನ ಮೇಲೆ ಗೆರೆ ಎಳೆಯುತ್ತೇನೆ. ಅದೇ ಉತ್ತರ-ದಕ್ಷಿಣ. ಗಡಿಯಾರದ 12ಕ್ಕಲ್ಲ, ಅಲ್ಲಿ ಅದು 12:25ರ ಆಚೀಚೆ. ಆ ದಿನದ ಹೊತ್ತನ್ನು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಏಪ್ರಿಲ್ ಕೊನೆಯಲ್ಲಿ, ಆಗಸ್ಟ್ ನಡುವಿನಲ್ಲಿ ಮಾತ್ರ ನೆರಳೇ ಸಿಗುವುದಿಲ್ಲ, ಆಗ ಕೆಲಸ ಮುಂದೂಡುತ್ತೇನೆ.