ಸ್ಕ್ರೂ ಬಿಚ್ಚುವ ಮುಂಚಿನ ಮೂರು ದಿನ

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದೆ ಚಿಪ್ಪುಗಳಲ್ಲೇ ಮಾಹಿತಿ ಇಡುವ ಡಿಸ್ಕ್) ಹಾಕುವುದು ಅರ್ಧ ಗಂಟೆಯ ಕೆಲಸ ಎಂದು ನಾನೇ ಎಷ್ಟೋ ಜನರಿಗೆ ಹೇಳಿದ್ದುಂಟು. ಅದೇನು ಸುಳ್ಳಲ್ಲ. ನನಗೂ ಹಿಡಿದದ್ದು ನಲವತ್ತೇ ನಿಮಿಷ. ಆದರೆ ಆ ನಲವತ್ತು ನಿಮಿಷಕ್ಕೆ ಮುಂಚೆ ಮೂರು ದಿನ ಹೋಯಿತಲ್ಲ, ಅದರ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ.

ಯಂತ್ರ 2010ರದ್ದು. ಒಳಗಿದ್ದದ್ದು 500 ಜಿಬಿಯ, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಬಟನ್ ಒತ್ತಿ, ಎದ್ದು ಹೋಗಿ ಮುಖ ತೊಳೆದು ಬಂದರೂ ಇನ್ನೂ ಗಿರಗಿರ ಸುತ್ತುತ್ತಲೇ ಇರುತ್ತಿತ್ತು. ಕೆಲಸಕ್ಕೆ ಸಿಗುವಷ್ಟರಲ್ಲಿ ನಾಲ್ಕು ನಿಮಿಷ. "ಹೊಸದೇ ತಗೊಂಡ್ಬಿಡು ಮಾರಾಯ, ಇದನ್ನ ಎಷ್ಟು ದಿನ ಎಳೀತೀಯ" ಅಂತ ಗೆಳೆಯ ಬೈದ. ಕೀಬೋರ್ಡ್ ಮಾತ್ರ ಇವತ್ತಿನ ಚಪ್ಪಟೆ ಲ್ಯಾಪ್‌ಟಾಪುಗಳಲ್ಲಿ ಸಿಗದಂಥದ್ದು. ಬಿಡಲು ಮನಸ್ಸಾಗಲಿಲ್ಲ.

ಟಾಸ್ಕ್ ಮ್ಯಾನೇಜರ್ ತೆರೆದಾಗ ಒಂದು ವಿಚಿತ್ರ ಕಾಣುತ್ತಿತ್ತು. ಡಿಸ್ಕ್ ಬಳಕೆ 100%, ಆದರೆ ಓದುತ್ತಿರುವ ವೇಗ ಸೆಕೆಂಡಿಗೆ ಒಂದು ಎಂಬಿಯೂ ಇಲ್ಲ. ಬೆವರು ಸುರಿಸುತ್ತಿದೆ, ಕೆಲಸ ಮಾತ್ರ ಆಗುತ್ತಿಲ್ಲ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ನಿಮಿಷಕ್ಕೆ 5400 ಅಂದರೆ ಸೆಕೆಂಡಿಗೆ 90 ಸುತ್ತು, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ತಲೆ ಆ ಜಾಡಿಗೆ ಸರಿಯಬೇಕು, ಅದಕ್ಕೊಂದು 12 ಮಿಲಿಸೆಕೆಂಡ್. ಹೀಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಚಿಕ್ಕ ಚಿಕ್ಕ ತುಣುಕುಗಳನ್ನು ಸೆಕೆಂಡಿಗೆ ಅರವತ್ತು ಸಲ ಹೆಕ್ಕಿದರೆ ದೊಡ್ಡದು. ಒಂದೊಂದು ತುಣುಕು 4 ಕೆಬಿ ಅಂದುಕೊಂಡರೆ 240 ಕೆಬಿ ಆಯಿತು. ಕಂಪ್ಯೂಟರ್ ಶುರುವಾಗುವಾಗ ಬೇಕಾಗುವುದೆಲ್ಲ ಇಂಥ ತುಣುಕುಗಳೇ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಸಾಧಾರಣದ್ದೂ ಸೆಕೆಂಡಿಗೆ ಸಾವಿರಾರು ತುಣುಕು ಕೊಡುತ್ತದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನನ್ನ ಯಂತ್ರದ ಸಾಟಾ, ಅಂದರೆ ಡಿಸ್ಕನ್ನು ಬೋರ್ಡಿಗೆ ಜೋಡಿಸುವ ಕೊಂಡಿ, ಎರಡನೇ ತಲೆಮಾರಿನದು. ಅಬ್ಬಬ್ಬಾ ಎಂದರೆ ಸೆಕೆಂಡಿಗೆ 280 ಎಂಬಿ. ಎಸ್‌ಎಸ್‌ಡಿ ಡಬ್ಬದ ಮೇಲೆ 550 ಎಂದು ಬರೆದಿತ್ತು. "ಅರ್ಧ ವೇಗ ದಂಡ ಆಗುತ್ತೆ" ಅಂತ ಕೊಳ್ಳುವ ಮುಂಚೆ ಒಂದು ವಾರ ಮೀನಮೇಷ ಎಣಿಸಿದೆ. ದಂಡವೇನೂ ಆಗಲಿಲ್ಲ. ಡಬ್ಬದ ಮೇಲಿನ ಅಂಕಿ ದೊಡ್ಡ ಫೈಲ್ ಒಂದನ್ನು ಸರಾಗವಾಗಿ ಓದುವ ವೇಗ. ಕೈಗೆ ತಿಳಿಯುವ ಚುರುಕು ಬರುವುದು ಆ ಚಿಕ್ಕ ತುಣುಕುಗಳಿಂದ, ಅದಕ್ಕೆ ಹಳೆಯ ಸಾಟಾ ಧಾರಾಳ ಸಾಕು. ಇಷ್ಟು ಹಳೆಯದರಲ್ಲಿ ಎಂ.2 ಎಂಬ ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸಲು ಜಾಗವೇ ಇಲ್ಲ. ಎರಡೂವರೆ ಇಂಚಿನ ಸಾಟಾ ಒಂದೇ ದಾರಿ.

480 ಜಿಬಿಯದು ಕೊಂಡೆ. ತುಂಬಿದ್ದದ್ದು 180 ಜಿಬಿ ಅಷ್ಟೇ ಆದ್ದರಿಂದ ಎರಡನೇ ಯೋಚನೆ ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಕ್ಲೋನ್ ಮಾಡಿ ಡಿಸ್ಕ್ ಬದಲಿಸುವುದು ನನ್ನ ಯೋಜನೆ. ಕ್ಲೋನಿಂಗ್ ಸಾಫ್ಟ್‌ವೇರ್ ಮೊದಲ ಹೆಜ್ಜೆಯಲ್ಲೇ ಕೈ ಎತ್ತಿತು: ಗುರಿಯ ಡಿಸ್ಕ್ ಮೂಲಕ್ಕಿಂತ ಚಿಕ್ಕದು. ಒಳಗೆ ಎಷ್ಟು ತುಂಬಿದೆ ಅಂತ ಅದು ಕೇಳುವುದಿಲ್ಲ, ಪಾರ್ಟಿಷನ್ (ಡಿಸ್ಕಿನಲ್ಲಿ ಗಡಿ ಹಾಕಿ ಮಾಡಿದ ಪಾಲು) ಎಲ್ಲಿಗೆ ಮುಗಿಯುತ್ತದೆ ಅಂತ ನೋಡುತ್ತದೆ. ಸರಿ, ಪಾರ್ಟಿಷನ್ ಕುಗ್ಗಿಸಲು ಹೋದೆ. ಕುಗ್ಗಿಸುವಾಗ ಡಿಸ್ಕ್ ಕಟಕಟ ಎಂದಿತು. ಆ ಸದ್ದು ಕೇಳಿ ಕೈ ಹಿಂದೆ ತೆಗೆದೆ.

ಮೊದಲೇ ನೋಡಬೇಕಿದ್ದ ಸ್ಮಾರ್ಟ್ ವರದಿಯನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಲೆಕ್ಕವನ್ನು, ಆಗ ನೋಡಿದೆ. ಕರೆಂಟ್ ಪೆಂಡಿಂಗ್ ಸೆಕ್ಟರ್ ಎಂಬ ಸಾಲಿನಲ್ಲಿ 48. ಅಂದರೆ ಡಿಸ್ಕಿಗೇ ಓದಲು ಆಗದೆ, ಏನು ಮಾಡುವುದೆಂದು ತಿಳಿಯದೆ ಪಕ್ಕಕ್ಕಿಟ್ಟಿರುವ ಸೆಕ್ಟರುಗಳು, ಎಂದರೆ ಡಿಸ್ಕಿನ ಚಿಕ್ಕ ಚಿಕ್ಕ ಖಾನೆಗಳು. ಆ ಸಾಲಿನಲ್ಲಿ ಸೊನ್ನೆ ಇರಬೇಕು. ನಾನು ನಿಧಾನ ಅಂತ ಬೈಯುತ್ತಿದ್ದ ಡಿಸ್ಕ್ ಬರೀ ನಿಧಾನವಾಗಿರಲಿಲ್ಲ, ಸಾಯುತ್ತಿತ್ತು. ಅದರ ಮೇಲೆ ಪಾರ್ಟಿಷನ್ ಕುಗ್ಗಿಸುವುದೆಂದರೆ ಕಾಯಿಲೆಯವರ ಕೈಲಿ ಮೂಟೆ ಹೊರಿಸಿದ ಹಾಗೆ.

ಅಲ್ಲಿಂದ ಯೋಜನೆ ಪೂರ್ತಿ ಬದಲಾಯಿತು. ವಿಂಡೋಸ್ ಬಿಟ್ಟು ಲಿನಕ್ಸ್ ಪೆನ್ ಡ್ರೈವಿನಿಂದ ಯಂತ್ರ ಎಬ್ಬಿಸಿದೆ, ಹಳೆಯ ಡಿಸ್ಕಿನ ಮೇಲೆ ಇನ್ನೊಂದು ಅಕ್ಷರವೂ ಬರೆಯಬಾರದು ಅಂತ. ಹೊರಗಿನಿಂದ 1 ಟಿಬಿಯ ಡಿಸ್ಕ್ ಸಿಕ್ಕಿಸಿ, ಕೆಟ್ಟ ಡಿಸ್ಕಿನಿಂದ ಸಿಕ್ಕಷ್ಟನ್ನು ಒಂದೇ ದೊಡ್ಡ ಫೈಲಾಗಿ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ ಓಡಿಸಿದೆ. ಹೊರಗಿನ ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಮೊದಲೇ ಲಿನಕ್ಸಿನ ಎಕ್ಸ್ಟ್4 ಫಾರ್ಮ್ಯಾಟ್ ಮಾಡಿಕೊಂಡಿದ್ದೆ. ಡಿಡಿರೆಸ್ಕ್ಯೂ ಸಲೀಸಾಗಿ ಓದಲು ಸಿಗುವ ಭಾಗವನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ತಕರಾರು ಮಾಡುವ ಜಾಗಗಳನ್ನು ಬಿಟ್ಟು ಮುಂದೆ ಹೋಗಿ, ಆಮೇಲೆ ನಿಧಾನಕ್ಕೆ ಅವುಗಳ ಹತ್ತಿರ ಮರಳುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಬಹುದು. ಎಂಟರ್ ಒತ್ತುವ ಮುಂಚೆ ಮೂಲ ಯಾವುದು, ಗುರಿ ಯಾವುದು ಅಂತ ಗಾತ್ರ ನೋಡಿ ಮೂರು ಸಲ ಖಾತ್ರಿ ಮಾಡಿಕೊಂಡೆ. ಇಲ್ಲಿ ಹಿಂದುಮುಂದಾದರೆ ಅಳುವುದಕ್ಕೂ ಏನೂ ಉಳಿಯುವುದಿಲ್ಲ.

ಹಳೆಯ ಯುಎಸ್‌ಬಿ 2 ಪೋರ್ಟು, ಸೆಕೆಂಡಿಗೆ 30 ಎಂಬಿ. ಒಳ್ಳೆಯ ಭಾಗ ಐದು ಗಂಟೆಯಲ್ಲಿ ಬಂತು. ಉಳಿದ ಚೂರುಪಾರಿಗೆ ಒಂದೂವರೆ ದಿನ. ಡಿಸ್ಕ್ ಬಿಸಿಯಾಗದಿರಲೆಂದು ಲ್ಯಾಪ್‌ಟಾಪನ್ನು ಎರಡು ದಪ್ಪ ಪುಸ್ತಕಗಳ ಮೇಲೆ ಎತ್ತಿಟ್ಟು ಫ್ಯಾನ್ ಹಾಕಿದ್ದೆ. ಕೊನೆಗೆ ಸಿಗದೆ ಹೋದದ್ದು ಸುಮಾರು 20 ಕೆಬಿ. ಅಷ್ಟು ಯಾವ ಫೈಲಿನದು? ಅದನ್ನು ಹುಡುಕುವ ಉಪಾಯ ನನಗೆ ಈ ಇಡೀ ಪ್ರಸಂಗದಲ್ಲಿ ಹೆಚ್ಚು ಇಷ್ಟವಾದದ್ದು. ಡಿಡಿರೆಸ್ಕ್ಯೂನಲ್ಲಿ ಫಿಲ್ ಮೋಡ್ ಅಂತ ಇದೆ. ಪ್ರತಿಯಲ್ಲಿ ಓದಲಾಗದ ಜಾಗಗಳಿಗೆಲ್ಲ ನಾವು ಹೇಳಿದ ಪದವೊಂದನ್ನು ಅದು ತುಂಬಿಡುತ್ತದೆ. ಎಲ್ಲೂ ಇರಲಾರದ ಒಂದು ಪದ ಕೊಟ್ಟು, ಆಮೇಲೆ ಆ ಪದ ಯಾವ ಫೈಲಿನೊಳಗಿದೆ ಎಂದು ಹುಡುಕಿದೆ. ಮೂರು ಸಿಕ್ಕವು. ಒಂದು ವಿಂಡೋಸಿನದೇ, ಹೋದರೆ ಹೋಗಲಿ. ಇನ್ನೆರಡು ಫೋಟೊಗಳು, ತೆರೆದರೆ ಅರ್ಧದಿಂದ ಕೆಳಗೆ ಬರೀ ಬೂದು ಬಣ್ಣ. ಒಂದರಲ್ಲಿ ಅಪ್ಪ ಇದ್ದರು. ಅದರ ಚಿಕ್ಕ ಪ್ರತಿ ತಂಗಿಯ ಮೊಬೈಲಿನಲ್ಲಿ ಸಿಕ್ಕಿತು.

ಇನ್ನು ಸ್ಕ್ರೂಡ್ರೈವರ್ ಕೆಲಸ. ಬ್ಯಾಟರಿ ಕಳಚಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ತಳ ಬಿಚ್ಚಿದೆ. ಹನ್ನೊಂದು ಸ್ಕ್ರೂ ತೆಗೆದರೂ ಮುಚ್ಚಳ ಒಂದು ಮೂಲೆಯಲ್ಲಿ ಜಗ್ಗುತ್ತಿತ್ತು. ಹೀಗೆ ಜಗ್ಗಿದರೆ ಇನ್ನೊಂದು ಸ್ಕ್ರೂ ಇದೆ ಅಂತಲೇ ಅರ್ಥ, ಬಲ ಹಾಕಬಾರದು. ಡಿವಿಡಿ ಡ್ರೈವ್ ಎಳೆದಾಗ ಅದರ ಅಡಿಯಲ್ಲಿ ಎರಡು, ರಬ್ಬರ್ ಕಾಲಿನ ಕೆಳಗೆ ಒಂದು ಅಡಗಿದ್ದವು. ತೆಗೆದ ಸ್ಕ್ರೂಗಳನ್ನು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು ಅದದೇ ಜಾಗಕ್ಕೆ ಚುಚ್ಚುತ್ತಾ ಹೋದೆ. ಎಲ್ಲ ಒಂದೇ ಉದ್ದ ಇರುವುದಿಲ್ಲ. ಗಿಡ್ಡದರ ಜಾಗಕ್ಕೆ ಉದ್ದದ್ದು ಬಿಗಿದರೆ ಮೇಲೆ ಉಬ್ಬು ಏಳುತ್ತದೆ, ಇಲ್ಲವೇ ಬೋರ್ಡಿಗೆ ಚುಚ್ಚುತ್ತದೆ.

ಹಳೆಯ ಡಿಸ್ಕಿನ ದಪ್ಪ 9.5 ಮಿಲಿಮೀಟರ್, ಹೊಸದರದ್ದು 7. ಲೋಹದ ತೊಟ್ಟಿಲಿಗೆ ಸ್ಕ್ರೂ ಹಾಕಿ ಕೂರಿಸುವ ರಚನೆಯಾದ್ದರಿಂದ ಅಡ್ಡಿಯಾಗಲಿಲ್ಲ, ಆದರೂ ಅಲುಗಾಡದಿರಲೆಂದು ಜೊತೆಗೆ ಬಂದ ಪ್ಲಾಸ್ಟಿಕ್ ಚೌಕಟ್ಟನ್ನು ಮೇಲೆ ಅಂಟಿಸಿದೆ. ಮುಚ್ಚಿ ಆನ್ ಮಾಡಿದರೆ ಬಯೋಸಿನಲ್ಲಿ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್ ಪರದೆಯಲ್ಲಿ) ಡಿಸ್ಕೇ ಇಲ್ಲ! ಎದೆ ಧಸಕ್ಕೆಂದಿತು. ಬಿಚ್ಚಿ ನೋಡಿದರೆ ಕನೆಕ್ಟರಿಗೆ ಒಂದು ಕೂದಲಿನಷ್ಟು ಒಳಗೆ ಹೋಗುವುದು ಬಾಕಿ. ಒತ್ತಿದಾಗ ಕೂತಿತು. ಎಲ್ಲ ಸ್ಕ್ರೂ ಬಿಗಿಯುವ ಮುಂಚೆಯೇ ಒಮ್ಮೆ ಆನ್ ಮಾಡಿ ನೋಡಿದ್ದರೆ ಹತ್ತು ನಿಮಿಷ ಉಳಿಯುತ್ತಿತ್ತು.

ಬಯೋಸಿನಲ್ಲಿದ್ದಾಗಲೇ ಯಂತ್ರ ಡಿಸ್ಕಿನ ಜೊತೆ ಮಾತಾಡುವ ರೀತಿಯನ್ನು, ಅಂದರೆ ಸಾಟಾ ಮೋಡನ್ನು, ಹಳೆಯ ಐಡಿಇಯಿಂದ ಹೊಸ ಎಎಚ್‌ಸಿಐಗೆ ಬದಲಿಸಿದೆ. ಹಳೆಯ ವಿಂಡೋಸನ್ನೇ ಕ್ಲೋನ್ ಮಾಡಿಕೊಂಡವರು ಇದನ್ನು ನೇರವಾಗಿ ಮಾಡಿದರೆ ನೀಲಿ ಪರದೆ ಬರುವ ಸಂಭವವೇ ಹೆಚ್ಚು. ನಾನು ಹೊಸದಾಗಿ ಇನ್‌ಸ್ಟಾಲ್ ಮಾಡುವವನಾದ್ದರಿಂದ ತೊಂದರೆ ಇರಲಿಲ್ಲ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, ವಿಂಡೋಸ್ 11 ಇಂಥ ಯಂತ್ರವನ್ನು ಒಪ್ಪುವುದಿಲ್ಲ. ಹಾಗಾಗಿ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿಯಾದ ಎಕ್ಸ್‌ಎಫ್‌ಸಿಇ ಹಾಕಿದೆ. ಅಳಿಸಿದ ಜಾಗವನ್ನು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಕೆಲಸ ಅದರಲ್ಲಿ ವಾರಕ್ಕೊಮ್ಮೆ ತಾನಾಗಿ ನಡೆಯುತ್ತದೆ. ಚೆಲ್ಲಾಪಿಲ್ಲಿಯಾದ ತುಣುಕುಗಳನ್ನು ಒಂದೆಡೆ ಜೋಡಿಸುವ ಡಿಫ್ರಾಗ್‌ನ ಹಳೆಯ ಚಟವನ್ನು ಮಾತ್ರ ಬಿಡಬೇಕು. ಇಲ್ಲಿ ಅದರಿಂದ ಸವೆತ ಹೊರತು ಬೇರೆ ಲಾಭವಿಲ್ಲ.

ಈಗ ಬಟನ್ ಒತ್ತಿದ 28 ಸೆಕೆಂಡಿಗೆ ಕೆಲಸಕ್ಕೆ ಸಿಗುತ್ತದೆ. ಸದ್ದೇ ಇಲ್ಲ, ಮೊದಲೆರಡು ದಿನ ಆನ್ ಆಗಿದೆಯೋ ಇಲ್ಲವೋ ಅಂತ ಕಿವಿ ಹತ್ತಿರ ಹಿಡಿಯುತ್ತಿದ್ದೆ. ಈ ಮೌನ ಒಂದು ಅಪಾಯವೂ ಹೌದು. ಹಳೆಯದು ಕಟಕಟ ಎಂದು ಕೂಗಿ ಹೇಳಿತ್ತು, ಎಸ್‌ಎಸ್‌ಡಿ ಹೋಗುವಾಗ ಹೇಳದೆ ಹೋಗಬಹುದು. ಆ 1 ಟಿಬಿ ಡಿಸ್ಕಿಗೆ ಭಾನುವಾರ ಭಾನುವಾರ ಪ್ರತಿ ತೆಗೆಯುತ್ತಿದ್ದೇನೆ.

ಬ್ರೌಸರಿನಲ್ಲಿ ಹದಿನೈದು ಟ್ಯಾಬ್ ತೆರೆದರೆ ಈಗಲೂ ಏದುಸಿರು ಬಿಡುತ್ತದೆ. ಅದು ಡಿಸ್ಕಿನ ತಪ್ಪಲ್ಲ, ರ್‍ಯಾಮ್ ಇರುವುದೇ 4 ಜಿಬಿ. ಅದರ ಸ್ಲಾಟ್ ಕೂಡ ಅದೇ ಮುಚ್ಚಳದ ಕೆಳಗಿದೆ, ರಬ್ಬರ್ ಕಾಲನ್ನು ಇನ್ನೂ ಗೋಂದು ಹಾಕಿ ಅಂಟಿಸಿಲ್ಲ.